ಹಿತ್ತಲಿನ ಸಿಂಪಿಗ, ಮಡಿಲಿನ ಪುಸ್ತಕ

ಬಾನುಲಿ ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ನಿಮ್ಮಲ್ಲಿ ಹಲವರು ರೊಟ್ಟಿ ಬಡಿಯುತ್ತಿರುತ್ತೀರಿ, ಕೆಲವರು ದನಕ್ಕೆ ಮೇವು ಹಾಕುತ್ತಿರುತ್ತೀರಿ, ಇನ್ನು ಕೆಲವರು ಹುಬ್ಬಳ್ಳಿಯ ಬಸ್ಸಿಗೆ ಹೊರಟು ನಿಂತಿರುತ್ತೀರಿ. ಬಹಳ ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ಇವತ್ತು ಹೇಳಬೇಕಾದದ್ದು ಒಂದೇ ಮಾತು. ದಿನಕ್ಕೆ ಹದಿನೈದು ನಿಮಿಷ, ಮನೆಯ ಹತ್ತಿರ, ಒಂದೇ ಜಾಗದಲ್ಲಿ ಕುಳಿತುಕೊಳ್ಳಿ. ಹಕ್ಕಿ ತಾನಾಗಿ ಬರುತ್ತದೆ. ಪುಸ್ತಕವೂ ಮರಳಿ ಕೈಗೆ ಬರುತ್ತದೆ.

ಹಕ್ಕಿ ನೋಡುವ ಮಾತೆತ್ತಿದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, 'ಮೇಡಂ, ಯಾವ ದುರ್ಬೀನು ಕೊಳ್ಳಬೇಕು?' ಎರಡನೆಯದು, 'ಎಲ್ಲಿಗೆ ಹೋಗಬೇಕು, ದಾಂಡೇಲಿಗೋ?' ದಯವಿಟ್ಟು ಈ ಪ್ರಶ್ನೆಗಳನ್ನು ಬಿಟ್ಟುಬಿಡಿ. ದುರ್ಬೀನು ಬೇಡ, ದಾಂಡೇಲಿಯೂ ಬೇಡ. ನಿಮ್ಮ ಓಣಿಯ ವಿದ್ಯುತ್ ತಂತಿಯ ಮೇಲೆ ಕವಲುಬಾಲದ ಕಾಜಾಣ ಕುಳಿತಿರುತ್ತದೆ. ಕಾಂಪೌಂಡ್ ಗೋಡೆಯ ಮೇಲೆ ಕಪ್ಪು ಬಿಳುಪಿನ ಮಡಿವಾಳ ಹಕ್ಕಿ ಬಾಲವೆತ್ತಿ ಸಿಳ್ಳೆ ಹಾಕುತ್ತಿರುತ್ತದೆ. ಒಣಗಿದ ಎಲೆ ಕೆದರುತ್ತ ಹರಟೆಮಲ್ಲರ ಗುಂಪು ಗದ್ದಲವೆಬ್ಬಿಸಿರುತ್ತದೆ. ಇಷ್ಟನ್ನು ಬಿಟ್ಟು ನೂರು ರೂಪಾಯಿ ಪೆಟ್ರೋಲು ಸುಟ್ಟು ಎಲ್ಲಿಗೆ ಹೋಗುತ್ತೀರಿ?

ನನ್ನನ್ನು ಹೀಗೆ ಕೂರಿಸಿದ್ದು ಒಂದು ಸಿಂಪಿಗ ಹಕ್ಕಿ. ನಮ್ಮ ಕಡೆ ಬಟ್ಟೆ ಹೊಲಿಯುವವರು ಸಿಂಪಿಗರು. ಈ ಹಕ್ಕಿ ಎಲೆ ಹೊಲಿಯುತ್ತದೆ, ಅದಕ್ಕೇ ಆ ಹೆಸರು. ಟುವ್ವಿ ಟುವ್ವಿ ಎಂದು ಕೂಗುವುದರಿಂದ ಟುವ್ವಿ ಹಕ್ಕಿ ಎಂದೂ ಕರೆಯುತ್ತಾರೆ. ಗುಬ್ಬಿಗಿಂತ ಸಣ್ಣದು. ತೂಕ ಹತ್ತು ಗ್ರಾಂ ದಾಟುವುದಿಲ್ಲ. ನೆತ್ತಿಗೆ ಇಟ್ಟಿಗೆಯ ಬಣ್ಣ, ಬೆನ್ನಿಗೆ ಹಸಿರು, ಬಾಲ ಸದಾ ನೆಟ್ಟಗೆ.

ನಾನು ನಿವೃತ್ತಳಾದ ವರ್ಷ. ಮಿರಗದ ಮಳೆ ಎರಡು ದಿನ ಹೊಡೆದು ಬಿಡುವು ಕೊಟ್ಟಿತ್ತು. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದೆ. ಕಟ್ಟೆಯ ಮೇಲೆ ಅತ್ತೆಯವರು ದೀಪದ ಬತ್ತಿ ಹೊಸೆಯುತ್ತಿದ್ದರು. ಎದುರಿಗಿದ್ದ ಮುಳಗಾಯಿ, ಅಂದರೆ ಬದನೆ ಗಿಡದಲ್ಲಿ, ಗಾಳಿಯಿಲ್ಲದಿದ್ದರೂ ಒಂದೇ ಒಂದು ಎಲೆ ಅಲುಗುತ್ತಿತ್ತು. ಬಗ್ಗಿ ನೋಡಿದರೆ ಎಲೆಯ ಹಿಂದೆ ಹೆಣ್ಣು ಸಿಂಪಿಗ. ಕೊಕ್ಕಿನ ತುದಿಯಿಂದ ಎಲೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಮಾಡಿತು. ಜೇಡರ ಬಲೆಯ ಎಳೆಯನ್ನು ಅದರೊಳಗೆ ತೂರಿಸಿ ಆಚೆಯಿಂದ ಎಳೆಯಿತು. ಗಂಟು ಹಾಕಲಿಲ್ಲ, ಹೊರಬಂದ ತುದಿ ಹಿಂಜಿಕೊಂಡು ಉಬ್ಬಿ ಅಲ್ಲಿಯೇ ಕಚ್ಚಿ ನಿಂತಿತು. ಹಾಗೆಯೇ ಇನ್ನೊಂದು ತೂತು, ಇನ್ನೊಂದು ಹೊಲಿಗೆ. ಗಿಡದಲ್ಲಿಯೇ ಉಳಿದ ಎಲೆ ಬಾಡಲಿಲ್ಲ, ಹಸಿರಾಗಿಯೇ ಕೊಳವೆಯಾಯಿತು.

ಮರುದಿನ ಅದು ಕಟ್ಟೆಗೇ ಬಂದಿತು. ಅತ್ತೆಯವರ ಕೈಯ ಬತ್ತಿ ಅರ್ಧ ಹೊಸೆದಲ್ಲಿಗೇ ನಿಂತಿತು. ಹಕ್ಕಿ ಎರಡು ಸಲ ಕತ್ತು ತಿರುಗಿಸಿ ನೋಡಿ, ಬುಟ್ಟಿಯ ಅಂಚಿನಿಂದ ಒಂದು ಎಳೆ ಅರಳೆ ಕಿತ್ತುಕೊಂಡು ಗೂಡಿಗೆ ಹೋಯಿತು. 'ನಮ್ಮ ಮನೆಯ ಅರಳೆಯ ಮೇಲೆ ಮರಿಗಳು ಮಲಗುತ್ತವೆ' ಎಂದು ಅತ್ತೆಯವರು ಮನೆಗೆ ಬಂದವರಿಗೆಲ್ಲ ಹೇಳಿದರು.

ಆ ಹೊತ್ತಿಗೆ ನಾನು ಪುಸ್ತಕ ಹಿಡಿದು ನಾಲ್ಕು ವರ್ಷವಾಗಿತ್ತು. ಎರಡು ಪುಟ ಓದುವಷ್ಟರಲ್ಲಿ ಕೈ ಮೊಬೈಲಿಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಆ ಮೊಬೈಲ್ ಗೂಡಿನ ಹತ್ತಿರ ರಿಂಗಾಗಿ, ಹೆದರಿದ ಹಕ್ಕಿ ಅರ್ಧ ಗಂಟೆ ಮೊಟ್ಟೆಗಳ ಕಡೆ ಸುಳಿಯಲಿಲ್ಲ. ಅಂದಿನಿಂದ ಅದನ್ನು ಒಳಗಿಟ್ಟು ಬರತೊಡಗಿದೆ. 'ಸುಮ್ಮನೆ ಕುಳಿತಿದ್ದೀಯಲ್ಲವ್ವ, ಏನಾದರೂ ಓದಿ ಹೇಳು' ಎಂದರು ಅತ್ತೆಯವರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಕಾಲೇಜಿನಲ್ಲಿದ್ದಾಗ ಓದಿದ್ದ ಹಳೆಯ ಕಾದಂಬರಿಯೊಂದನ್ನು ತಂದು ಸಣ್ಣ ದನಿಯಲ್ಲಿ ಓದಿದೆ. ಹಕ್ಕಿ ಆ ದನಿಗೆ ಒಗ್ಗಿಕೊಂಡಿತು. ಮರಿ ಬಂದ ಮೇಲೆ ಗಂಡು ಹೆಣ್ಣು ಎರಡೂ ಸರದಿಯಲ್ಲಿ ಹುಳ ತರುತ್ತಿದ್ದವು. ಒಂದು ಬಂದು ಹೋದ ಮೇಲೆ ಒಂದೆರಡು ಪುಟ, ಇನ್ನೊಂದು ಬಂದಾಗ ಓದು ನಿಲ್ಲುತ್ತಿತ್ತು, ಹೋದ ಮೇಲೆ ಮತ್ತೆ ಒಂದೆರಡು ಪುಟ.

ಇಪ್ಪತ್ತರ ವಯಸ್ಸಿನಲ್ಲಿ ಅದೇ ಕಾದಂಬರಿಯನ್ನು, ಮುಂದೇನಾಯಿತು ಎಂದು ಓಡೋಡಿ ಮುಗಿಸಿದ್ದೆ. ಈ ಸಲ, ನಾಯಕಿಯ ಸೋದರತ್ತೆ ಅಡುಗೆಮನೆಯ ಕಿಟಕಿಯಲ್ಲಿ ಒಬ್ಬಳೇ ನಿಂತಿರುವ ಅರ್ಧ ಪುಟ ಎದುರಾಯಿತು. ಅಂಥದೊಂದು ಪುಟವಿತ್ತೆಂಬ ನೆನಪೇ ನನಗಿರಲಿಲ್ಲ. 'ಅದನ್ನು ಇನ್ನೊಮ್ಮೆ ಓದು' ಎಂದರು ಅತ್ತೆಯವರು. ಓದಿದೆ. ಮೊಟ್ಟೆಗೆ ಕಾವು ಸುಮಾರು ಹನ್ನೆರಡು ದಿನ, ಮರಿ ಹಾರುವುದಕ್ಕೆ ಇನ್ನೊಂದು ಹದಿನಾಲ್ಕು ದಿನ. ಗೂಡು ಬರಿದಾಗುವ ಮೊದಲೇ ಕಾದಂಬರಿ ಮುಗಿದಿತ್ತು, ಎರಡನೆಯದಕ್ಕೆ ಕೈ ಹಾಕಿದ್ದೆ. ಅಂದಿನಿಂದ ಓದು ನಿಂತಿಲ್ಲ. ಓದಲು ಸಮಯವೇ ಇಲ್ಲ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಮೊಬೈಲನ್ನು ಒಳಗಿಟ್ಟು ಹೊರಗೆ ಕುಳಿತುಕೊಳ್ಳಿ.

ನನಗೆ ಕೊಟ್ಟ ಸಮಯವೆಲ್ಲ ಸಿಂಪಿಗನಿಗೇ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನವೂ ಬದಲಿಸಿ. ಕಂಡದ್ದನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಳ್ಳಿಯವರು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಕೇಳಿ. ಗದಗ ಜಿಲ್ಲೆಯವರಿಗೆ ಒಂದು ಮಾತು: ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗು ನೆಲೆಗಳ ಪಟ್ಟಿಗೆ ಸೇರಿದೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ಅಲ್ಲಿಗೆ ಬರುತ್ತವೆ. ಆ ಕೆರೆ ನಿಮಗೆ ಹತ್ತಿರ, ನೀವು ಅದರ ದಂಡೆಯಲ್ಲೇ ಕುಳಿತುಕೊಳ್ಳಬಹುದು.

ಮನೆಯಲ್ಲಿ ಮುಳಗಾಯಿ ಗಿಡ ಹಚ್ಚುವವರು ಒಂದನ್ನಾದರೂ ಒಗೆಯುವ ಕಲ್ಲಿನ ಎದುರಿಗೇ ಹಚ್ಚಿ. ನಮಸ್ಕಾರ.