ಎಸಿಗೆ ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್ ಜೋಡಿಸುವುದು ಹೇಗೆ? ಸಿ ವೈರ್ ಯಾಕೆ ಬೇಕು?

[ಪರದೆ: ಮುಚ್ಚಳ ತೆಗೆದ ಹಳೇ ಥರ್ಮೋಸ್ಟಾಟ್]

ನಮಸ್ಕಾರ. ಕೆಂಪು, ಹಳದಿ, ಹಸಿರು, ಬಿಳಿ ವೈರ್‌ಗಳು ಕಾಣಿಸ್ತಿವೆ ಅಲ್ವಾ? ಬಣ್ಣ ನೋಡಿ ಜೋಡಿಸಬೇಡಿ. ವೈರಿಂಗ್ ಮಾಡಿದವರು ಕೈಗೆ ಸಿಕ್ಕ ಬಣ್ಣ ಬಳಸಿರಬಹುದು. ಸ್ಕ್ರೂ ಪಕ್ಕದಲ್ಲಿರುವ ಅಕ್ಷರವನ್ನೇ ನಂಬಿ. ಬಿಚ್ಚುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ.

ಈ ವಿಡಿಯೋ 24 ವೋಲ್ಟ್ ಕಂಟ್ರೋಲ್ ಇರುವ ಸೆಂಟ್ರಲ್ ಎಸಿಗೆ ಮಾತ್ರ. ರಿಮೋಟ್‌ನಲ್ಲಿ ನಡೆಯುವ ಸ್ಪ್ಲಿಟ್ ಎಸಿ, ವಿಂಡೋ ಎಸಿಗಳಿಗೆ ಇದನ್ನು ಹಾಕಬೇಡಿ. ಗೋಡೆಯಿಂದ ದಪ್ಪ ವೈರ್‌ಗಳು ಬಂದಿದ್ದರೆ ಅಲ್ಲಿ ಮೇನ್ ಕರೆಂಟ್ ಇರಬಹುದು. ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ನ ಕರೆಸಿ.

[ಪರದೆ: ಬ್ರೇಕರ್ ಆಫ್ ಮಾಡುವ ಕೈ]

ಒಳಗಿನ ಯೂನಿಟ್‌ಗೆ ಒಂದು, ಹೊರಗಿನದಕ್ಕೆ ಇನ್ನೊಂದು ಬ್ರೇಕರ್ ಇರುವುದು ಸಾಮಾನ್ಯ. ಎರಡನ್ನೂ ಆಫ್ ಮಾಡಿ. 24 ವೋಲ್ಟ್ ತಾನೇ ಅಂತ ಬಿಡಬೇಡಿ. 24 ವೋಲ್ಟ್ ತರುವ ಆರ್ ವೈರ್, ಕರೆಂಟ್ ವಾಪಸ್ ಒಯ್ಯುವ ಸಿ ವೈರ್‌ಗೆ ತಗುಲಿದರೆ ಫ್ಯೂಸ್ ಹೋಗುತ್ತದೆ, ಫ್ಯೂಸ್ ಇಲ್ಲದಿದ್ದರೆ ಈ 24 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರೇ ಸುಡಬಹುದು.

[ಪರದೆ: ಆರ್, ವೈ, ಜಿ, ಸಿ ಚಿತ್ರ]

ಥರ್ಮೋಸ್ಟಾಟ್ ಮಾಡುವ ಕೆಲಸ ಸ್ವಿಚ್‌ನದು, ಅಷ್ಟೇ. ಆರ್‌ನಲ್ಲಿ 24 ವೋಲ್ಟ್ ಬರುತ್ತದೆ. ಆರ್ ಮತ್ತು ವೈ ಸೇರಿದರೆ ಹೊರಗಿನ ಯೂನಿಟ್‌ನ ಕಾಂಟ್ಯಾಕ್ಟರ್ ಅನ್ನುವ ದೊಡ್ಡ ಸ್ವಿಚ್ ಎಳೆದುಕೊಂಡು ಕಂಪ್ರೆಸರ್ ಶುರುವಾಗುತ್ತದೆ. ಆರ್ ಮತ್ತು ಜಿ ಸೇರಿದರೆ ಒಳಗಿನ ಫ್ಯಾನ್ ತಿರುಗುತ್ತದೆ. ಡಬ್ಲ್ಯೂ ಹೀಟರ್‌ಗೆ. ಹೊಸದರಲ್ಲಿ ಆರ್‌ಸಿ (ಕೂಲಿಂಗ್‌ಗೆ), ಆರ್‌ಎಚ್ (ಹೀಟರ್‌ಗೆ) ಅಂತ ಎರಡು ಸ್ಕ್ರೂ ಇದ್ದು, ನಿಮ್ಮಲ್ಲಿ ಆರ್ ವೈರ್ ಒಂದೇ ಇದ್ದರೆ, ಎರಡರ ನಡುವೆ ಜಂಪರ್, ಅಂದರೆ ಎರಡನ್ನೂ ಸೇರಿಸುವ ಚಿಕ್ಕ ವೈರ್ ಬೇಕು. ಕೆಲವದರಲ್ಲಿ ಅದು ಒಳಗೇ ಇರುತ್ತದೆ, ಮ್ಯಾನ್ಯುಯಲ್ ನೋಡಿಕೊಳ್ಳಿ.

ಈಗ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವ ಜಾಗ, ಸಿ ವೈರ್. ಹಳೇ ಮೆಕ್ಯಾನಿಕಲ್ ಥರ್ಮೋಸ್ಟಾಟ್‌ಗೆ ತನ್ನದೇ ಕರೆಂಟ್ ಬೇಕಿರಲಿಲ್ಲ. ಹೊಸದಕ್ಕೆ ಸ್ಕ್ರೀನ್ ಇದೆ, ವೈಫೈ ಕೂಡ ಇದ್ದರೆ ದಿನವಿಡೀ ಕರೆಂಟ್ ಬೇಕು. ಆ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗೆ ವಾಪಸ್ ಹೋಗುವ ದಾರಿಯೇ ಸಿ. ಬ್ಯಾಟರಿಯಲ್ಲಿ ನಡೆಯುವ ಮಾಡೆಲ್ ಆದರೆ ಸಾಮಾನ್ಯವಾಗಿ ಸಿ ಇಲ್ಲದೆಯೂ ಆಗುತ್ತದೆ. ನಿಮ್ಮ ಮಾಡೆಲ್‌ಗೆ ಸಿ ಬೇಕೇ ಬೇಕಿದ್ದರೆ ಗೋಡೆಯೊಳಗೆ ನೋಡಿ, ಬಳಸದ ವೈರ್ ಒಂದನ್ನು ಮಡಚಿ ಬಿಟ್ಟಿರಬಹುದು. ಅದನ್ನು ಥರ್ಮೋಸ್ಟಾಟ್‌ನ ಸಿ ಸ್ಕ್ರೂಗೆ ಹಾಕಿದರೆ ಸಾಲದು. ಅದೇ ವೈರ್‌ನ ಇನ್ನೊಂದು ತುದಿ ಒಳಗಿನ ಯೂನಿಟ್‌ನ ಬೋರ್ಡ್‌ನಲ್ಲೂ ಸಿ ಜಾಗಕ್ಕೆ ಸೇರಬೇಕು. ಇದನ್ನು ಮರೆತರೆ ಎಷ್ಟು ಒತ್ತಿದರೂ ಸ್ಕ್ರೀನ್ ಹತ್ತುವುದಿಲ್ಲ.

[ಪರದೆ: ಗೋಡೆಯ ತೂತು ಮುಚ್ಚುವುದು]

ವೈರ್ ಬರುವ ತೂತನ್ನು ದಯವಿಟ್ಟು ಮುಚ್ಚಿ. ಗೋಡೆಯೊಳಗಿನ ಗಾಳಿ ಸೆನ್ಸರ್‌ಗೆ ಬಡಿದರೆ ಕೋಣೆಯ ತಾಪಮಾನ ತಪ್ಪಾಗಿ ತೋರಿಸುತ್ತದೆ.

ಈಗ ಬ್ರೇಕರ್ ಆನ್ ಮಾಡಿ, ಕೂಲ್ ಮೋಡ್‌ಗೆ ಹಾಕಿ, ತಾಪಮಾನ ಇಳಿಸಿ. ಕಂಪ್ರೆಸರ್ ತಕ್ಷಣ ಶುರುವಾಗದಿದ್ದರೆ ಗಾಬರಿ ಬೇಡ. ಅದನ್ನು ಕಾಪಾಡಲು ಹಲವು ಥರ್ಮೋಸ್ಟಾಟ್‌ಗಳು ಸುಮಾರು 5 ನಿಮಿಷ ಕಾಯುತ್ತವೆ. ಸ್ಕ್ರೀನೇ ಬರದಿದ್ದರೆ ಬ್ರೇಕರ್ ಮತ್ತೆ ಆಫ್ ಮಾಡಿ, ಬೋರ್ಡ್‌ನಲ್ಲಿರುವ ಚಿಕ್ಕ ಫ್ಯೂಸ್ ಮೊದಲು ನೋಡಿ. ಸಾಮಾನ್ಯವಾಗಿ ಅದು 3 ಇಲ್ಲವೇ 5 ಆಂಪ್. ಮೊದಲಿದ್ದಷ್ಟೇ ಆಂಪ್‌ನದನ್ನು ಹಾಕಿ.