ಹೆಣದ ಗಾಡಿಗೆ ತಲೆಬುರುಡೆ ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ. ಹಳೇ ಶವವಾಹನ ಕೊಂಡು ಅದನ್ನು ಕಲಾಕೃತಿ ಮಾಡುವವರ ಬಗ್ಗೆ ಮಾತಾಡೋಣ. ‘ಅಯ್ಯೋ, ಬಿಡ್ತು ಅನ್ನಿ’ ಅಂತ ರೇಡಿಯೋ ಆಫ್ ಮಾಡಬೇಡಿ! ಇದು ಅಮೆರಿಕದ ಕಥೆ. ಅಲ್ಲಿ ಅಂತ್ಯಕ್ರಿಯೆ ನಡೆಸುವ ಸಂಸ್ಥೆಗಳು ಗಾಡಿ ಹಳತಾದರೆ ಮಾರಿಬಿಡುತ್ತವೆ. ಕ್ಯಾಡಿಲಾಕ್ ಅನ್ನೋ ದುಬಾರಿ ಕಾರಿನ ಚಾಸಿಸ್ ಮೇಲೆ ಉದ್ದನೆಯ ಬಾಡಿ ಕಟ್ಟಿದ ಗಾಡಿ, ಮೆಲ್ಲಗೆ ಓಡಿದ್ದೇ ಜಾಸ್ತಿ. ಪಕ್ಕದಲ್ಲಿ ಅಗಲವಾದ ತಗಡು. ಚಿತ್ರ ಬರೆಯುವವರಿಗೆ ಇನ್ನೇನು ಬೇಕು?

ಆದರೆ ಕೊಂಡವರು ಏನು ಮಾಡ್ತಾರೆ? ಕಪ್ಪು ಬಣ್ಣ ಬಳಿದು ಎರಡು ತಲೆಬುರುಡೆ, ಒಂದು ಬಾವಲಿ ಬರೀತಾರೆ. ನೋಡಿ ನೋಡಿ ನನಗಂತೂ ಸಾಕಾಗಿದೆ. ಅದು ಹೆಣದ ಗಾಡಿ ಅಂತ ಯಾರಿಗೆ ಗೊತ್ತಿಲ್ಲ ಹೇಳಿ? ಸಾವನ್ನು ಬರೆಯಬೇಡಿ. ನಿಮ್ಮ ಬದುಕನ್ನು ಹಾಕಿ.

ದಕ್ಷಿಣ ಕೆರೊಲಿನಾದ ಬಿಷಪ್‌ವಿಲ್ ಅನ್ನೋ ಸಣ್ಣ ಊರಲ್ಲಿ ಡಾಲ್ಟನ್ ಸ್ಟೀವನ್ಸ್ ಅಂತ ಒಬ್ಬರಿದ್ದರು. ಅವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಸುಮ್ನೆ ಕೂರೋ ಬದಲು ಬಟ್ಟೆಗೆ ಗುಂಡಿ ಹೊಲಿಯತೊಡಗಿದರು. ಅದೇ, ನಮ್ಮ ಅಂಗಿ ಗುಂಡಿ. ಒಂದು ಸೂಟಿಗೆ 16,333 ಗುಂಡಿ! ಅಷ್ಟಾದರೂ ನಿದ್ದೆ ಬರಲಿಲ್ಲ ಅಂತ ಕಾಣುತ್ತೆ. ಗಿಟಾರಿಗೆ ಅಂಟಿಸಿದರು, ಶೂಗೆ ಅಂಟಿಸಿದರು, ಕಾರಿಗೆ ಅಂಟಿಸಿದರು. ಪಾಯಖಾನೆಯನ್ನೂ ಬಿಡಲಿಲ್ಲ. ಕೊನೆಗೆ ಒಂದು ಶವವಾಹನಕ್ಕೇ ಕೈ ಹಾಕಿದರು. ಅದರ ಮೇಲೆ ಸುಮಾರು 6 ಲಕ್ಷ ಗುಂಡಿಗಳಂತೆ. ತಮ್ಮ ಶವಪೆಟ್ಟಿಗೆಗೂ ಗುಂಡಿ ಅಂಟಿಸಿಟ್ಟಿದ್ದರು. ಜನ ಅವರನ್ನು ‘ಬಟನ್ ಕಿಂಗ್’ ಅಂತಲೇ ಕರೆದರು. 2016ರಲ್ಲಿ ತೀರಿಕೊಂಡರು. ಆ ಗಾಡಿಯಲ್ಲಿ ತಲೆಬುರುಡೆ ಎಲ್ಲಿದೆ? ಇರೋದು ನಿದ್ದೆ ಬಾರದ ಒಬ್ಬ ಮನುಷ್ಯನ ರಾತ್ರಿಗಳು. ನಾನು ಹೇಳೋದೂ ಇದನ್ನೇ. ನಿಮ್ಮದನ್ನು ಹಾಕಿ. ನೀವು ಟೈಲರೋ? ಚೂರುಬಟ್ಟೆ ಹಾಕಿ. ಮೇಷ್ಟ್ರೋ? ಕಪ್ಪುಹಲಗೆ ಮಾಡಿ, ಮಕ್ಕಳು ಬರೀಲಿ.

ಸಮಯ ಆಯಿತು ಅಂತ ಗಾಜಿನಾಚೆಯಿಂದ ಕೈ ತೋರಿಸ್ತಿದ್ದಾರೆ. ಬೇಗ ಹೇಳಿಬಿಡ್ತೀನಿ. ಗಾಡಿಯ ಚಾವಣಿಗೆ ವಿನೈಲ್, ಅಂದರೆ ಪ್ಲಾಸ್ಟಿಕ್ ಹಾಳೆ, ಹೊದಿಸಿದ್ದರೆ ಎತ್ತಿ ನೋಡಿ, ತುಕ್ಕು ಕೂತಿರೋದು ಅದರಡಿಯಲ್ಲೇ. ಹಳೇ ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜದೆ ಹೊಸದು ಬಳಿಯಬೇಡಿ, ಎದ್ದು ಬರುತ್ತೆ. ಅಂಟಿಸೋದಕ್ಕೆ ಸಿಲಿಕೋನ್ ಅಂಟು ಬಳಸಿ. ಪೆಟ್ಟಿಗೆ ಜಾರಿಸುವ ರೋಲರುಗಳನ್ನು ಮಾತ್ರ ಕಿತ್ತು ಹಾಕಬೇಡಿ, ಸಾಮಾನು ಹೇರೋಕೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಇಂಥ ಗಾಡಿಗಳನ್ನು ನೋಡಬೇಕು ಅಂದರೆ ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ 1988ರಿಂದ ಆರ್ಟ್ ಕಾರ್, ಅಂದರೆ ಕಲಾಕೃತಿ ಮಾಡಿದ ಗಾಡಿಗಳ, ಮೆರವಣಿಗೆ ನಡೆಯುತ್ತಿದೆ. ಅಲ್ಲಿ ನೆಂಟರೋ ಮಕ್ಕಳೋ ಇದ್ದರೆ ವಸಂತಕಾಲಕ್ಕೇ ಟಿಕೆಟ್ ಮಾಡಿಸಿ, ಮೆರವಣಿಗೆ ಆಗಲೇ. ತಲೆಬುರುಡೆ ಗಾಡಿ ಬಂದರೆ ಆ ಕಡೆ ನೋಡಬೇಡಿ. ನಮಸ್ಕಾರ.