ಅಣ್ಣ ಯಾರು, ತಮ್ಮ ಯಾರು: ವಿಯೆಟ್ನಾಂ ಅಭಿಮಾನಿಗಳ ಸಬ್‌ಟೈಟಲ್

ಕೇಳುಗರೆಲ್ಲರಿಗೂ ನಮಸ್ಕಾರ.

ಜಪಾನಿನ ಸೂಪರ್‌ಹೀರೋಗಳನ್ನು ನಿಮ್ಮ ಮನೆಯ ಮಕ್ಕಳೂ ನೋಡಿರುತ್ತಾರೆ. ವಿಯೆಟ್ನಾಂನ ಅಭಿಮಾನಿಗಳು ಇವರ ಸಿನಿಮಾಗಳಿಗೆ ತಮ್ಮ ಭಾಷೆಯಲ್ಲಿ ತಾವೇ ಸಬ್‌ಟೈಟಲ್ ಬರೆಯುತ್ತಾರೆ, ಇವತ್ತಿನ ಮಾತು ಅದರ ಬಗ್ಗೆ. 1966ರಲ್ಲಿ ಅಲ್ಟ್ರಾಮ್ಯಾನ್ ಟೀವಿಗೆ ಬಂದ. 1971ರಲ್ಲಿ ಕಾಮೆನ್ ರೈಡರ್. 1975ರಲ್ಲಿ ಸೂಪರ್ ಸೆಂಟಾಯ್, ಬಣ್ಣಕ್ಕೊಬ್ಬರಂತೆ ಐದು ಜನರ ತಂಡ. ವಿಯೆಟ್ನಾಂನವರು ಈ ತಂಡವನ್ನು ಕರೆಯುವುದೇ 'ಐವರು ಅಣ್ಣತಮ್ಮ ಸೂಪರ್‌ಹೀರೋಗಳು' ಅಂತ.

ಈ ಅಣ್ಣತಮ್ಮ ಅನ್ನುವುದನ್ನು ಸ್ವಲ್ಪ ಗಮನಿಸಿ. ವಿಯೆಟ್ನಾಂ ಭಾಷೆಯಲ್ಲಿ ಸುಮ್ನೆ 'ನೀನು' ಎಂದು ಹೇಳಿ ಪಾರಾಗಲು ಆಗುವುದಿಲ್ಲ. ತನಗಿಂತ ದೊಡ್ಡವನಾದರೆ 'ಆಞ್', ಅಣ್ಣ. ಚಿಕ್ಕವರಾದರೆ 'ಎಮ್'. ಜಗಳಕ್ಕೆ ನಿಂತರೆ 'ಮಾಯ್', ಅದು ಏಕವಚನಕ್ಕಿಂತಲೂ ಒರಟು. ಜಪಾನಿಯಲ್ಲೂ 'ಅನಾತಾ', 'ಒಮಾಎ', 'ಕಿಸಾಮಾ' ಎಂದು ಬೇರೆ ಬೇರೆ ಇವೆ. ಇಂಗ್ಲಿಷಿಗೆ ಬಂದರೆ ಅಷ್ಟೂ 'ಯೂ'! ಅದಕ್ಕೇ ನಾನು ಹೇಳುವುದು, ಸಬ್‌ಟೈಟಲ್ ಇಂಗ್ಲಿಷಿನ ಮೂಲಕ ಅಲ್ಲ, ಜಪಾನಿಯಿಂದ ನೇರ ಬರಬೇಕು.

ಹೋ ಚಿ ಮಿನ್ ನಗರದಲ್ಲಿ ನಾನಿದ್ದ ಬಾಡಿಗೆ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ, ಮೊಮ್ಮಗ ಇದ್ದರು. ಹುಡುಗನಿಗೆ ರೈಡರ್ ಅಂದರೆ ಪ್ರಾಣ. ಒಂದು ಸಂಜೆ ಅವನು ಸಿನಿಮಾ ಹಾಕಿದ. ಸಬ್‌ಟೈಟಲ್ ಇಂಗ್ಲಿಷಿನಿಂದ ಮಾಡಿದ್ದು. ಅದರಲ್ಲಿ ಎಲ್ಲರೂ ಎಲ್ಲರಿಗೂ 'ಬಾನ್', ಅಂದರೆ ಗೆಳೆಯ. ಭೂಮಿಯನ್ನೇ ಸುಡಲು ಹೊರಟ ರಾಕ್ಷಸ ಹೀರೋಗೆ, 'ಗೆಳೆಯಾ, ಇವತ್ತು ನಿನ್ನ ಕಥೆ ಮುಗಿಯಿತು' ಅನ್ನುತ್ತಾನೆ. ಅಜ್ಜಿ ಕೇಳಿದರು: 'ಇವರಿಬ್ಬರೂ ಸ್ನೇಹಿತರಾ? ಮತ್ತ್ಯಾಕೆ ಹೊಡೆದಾಡುತ್ತಾರೆ?' ಹುಡುಗನಿಗೆ ಸಿಟ್ಟು ಬಂತು. ಮಹಡಿಯ ಮೇಲಿದ್ದ ಕಾಲೇಜು ಹುಡುಗಿ ಜಪಾನಿ ಓದುತ್ತಿದ್ದಳು. ಅವಳು ಅಭಿಮಾನಿಗಳ ಒಂದು ತಂಡ ಮಾಡಿದ ಫೈಲು ತಂದು ಹಾಕಿದಳು. ಸಿನಿಮಾ ಅದೇ, ಮಾತು ಬೇರೆ. ರಾಕ್ಷಸ 'ಮಾಯ್' ಎಂದು ಗದರುತ್ತಾನೆ. ಕಿರಿಯ ರೈಡರ್ ಹಿರಿಯನಿಗೆ 'ಆಞ್' ಅನ್ನುತ್ತಾನೆ. ಹಿರಿಯ ಮಾತ್ರ ಸಿನಿಮಾ ಪೂರ್ತಿ ಅವನನ್ನು ಒರಟಾಗಿಯೇ ಕರೆದು, ತಾನು ಏಟು ತಿಂದು ಬಿದ್ದಾಗ ಮೊದಲ ಸಲ 'ಎಮ್' ಅನ್ನುತ್ತಾನೆ. ಅಜ್ಜಿ ತಟ್ಟನೆ, 'ಅಯ್ಯೋ, ಕೊನೆಗೂ ತಮ್ಮ ಅಂದನಲ್ಲ!' ಎಂದರು. ಆ ಸಾಲು ಬರೆದವರಿಗೆ ಯಾರೂ ಒಂದು ಕಾಸೂ ಕೊಟ್ಟಿರಲಿಲ್ಲ. ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸ ಅದು. ಇಂಥದ್ದನ್ನು 'ಮಕ್ಕಳ ಹುಚ್ಚಾಟ' ಎನ್ನುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಸಮಯ ಕಡಿಮೆಯಿದೆ, ಟೈಮಿಂಗ್ ಬಗ್ಗೆ ಒಂದೇ ಮಾತು. ರೈಡರ್ 'ಹೆನ್‌ಶಿನ್!' ಎಂದು ಕೂಗಿ ರೂಪ ಬದಲಿಸುತ್ತಾನೆ. ಅವನು ಕೂಗುವ ಮೊದಲೇ ಸಾಲು ಕಾಣಿಸಿದರೆ ಮಜಾ ಹೋಯಿತು, ಅಲ್ವಾ? ಒಳ್ಳೆಯ ತಂಡಗಳು ಏಜಿಸಬ್ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿಯ ಅಲೆ ನೋಡಿಕೊಂಡು ಸಾಲು ಕೂರಿಸುತ್ತವೆ.

ನಿಮ್ಮಲ್ಲಿ ಜಪಾನಿ ಕಲಿಯುತ್ತಿರುವವರು ಇದ್ದರೆ ಕನ್ನಡದಲ್ಲೂ ಮಾಡಿ ನೋಡಿ. ನಮಗೂ ನೀನು, ನೀವು, ಅಣ್ಣ, ಲೋ ಎಲ್ಲಾ ಇವೆ. ಒಂದು ಚಿಕ್ಕ ದೃಶ್ಯ ಸಾಕು. ಇಂಗ್ಲಿಷ್ ಫೈಲು ಮುಚ್ಚಿಡಿ. ಯಾರು ಯಾರನ್ನು ಏನೆಂದು ಕರೆಯುತ್ತಾರೆ ಅಂತ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಸಂಭಾಷಣೆ ಆಮೇಲೆ. ನಮಸ್ಕಾರ.